ಮೊದಲ ವಕಾಲತ್ತು

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಹಿಂದೆ ಹಲ್ಲಿನ ಡಾಕ್ಟರೊಬ್ಬರಿದ್ದರು. ಅವರ ಕುರ್ಚಿ ಬಿಗಿದಿದ್ದ ಬೋಲ್ಟುಗಳ ತೂತು ನೆಲದಲ್ಲಿ ಹಾಗೇ ಉಳಿದಿತ್ತು. ಮೂಲೆಯಲ್ಲಿ ಬಾಯಿ ಮುಕ್ಕಳಿಸುವ ಬಿಳಿ ಬೇಸಿನ್ ಇತ್ತು. ವಕೀಲೆ ತನ್ನ ಮೇಜನ್ನು ಸರಿಯಾಗಿ ಆ ತೂತುಗಳ ಮೇಲೆ ಇಡಿಸಿದಳು.

“ಇಲ್ಲಿಗೆ ಬಂದೋರು ಬಾಯಿ ಬಿಡ್ತಾರೆ, ಭಯ ಬೇಡ. ಜಾಗಕ್ಕೆ ಅಭ್ಯಾಸ ಆಗಿದೆ,” ಎಂದರು ಅಪ್ಪ.

ಅಪ್ಪ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಗಳ ಬೋರ್ಡನ್ನು ಪೇಂಟರಿಗೆ ಕೊಡಲು ಬಿಡದೆ ತಾವೇ ಬರೆದಿದ್ದರು. ಅದನ್ನು ತಗುಲಿ ಹಾಕಿದ ಮೇಲೆ ಬೀದಿಯ ಆಚೆಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ಮೆಟ್ಟಿಲು ಹತ್ತಿ ಬಂದು ‘ವಕೀಲರು’ ಎಂಬಲ್ಲಿ ‘ಲ’ ಸ್ವಲ್ಪ ದಪ್ಪವಾಯಿತು ಎಂದು ಕೊರಗಿದರು. ಮರುದಿನದಿಂದ ಅವರಿಗೆ ಇನ್ನೊಂದು ಕೆಲಸ ಸಿಕ್ಕಿತು. ಬಾಗಿಲ ಹೊರಗಿನ ಬೆಂಚಿನ ಮೇಲೆ ಪೇಪರು ಹಿಡಿದು ಕೂರುವುದು.

“ಒಳಗೆ ಬಂದು ಕೂತ್ಕೊಳ್ಳಿ ಅಪ್ಪ.”

“ಸುಮ್ನಿರೇ ಪುಟ್ಟಿ. ಖಾಲಿ ಬೆಂಚು ನೋಡಿದ್ರೆ ಯಾರು ಬರ್ತಾರೆ? ನಾನು ಕಕ್ಷಿದಾರನ ಥರ ಕೂತಿರ್ತೀನಿ.”

ನಲವತ್ತು ದಾಟಿದ ಮಗಳು ಇನ್ನೂ ಪುಟ್ಟಿಯೇ. ಅವಳು ನಕ್ಕು ಒಳಗೆ ಹೋದಳು. ಆದರೆ ಎದೆಯಲ್ಲಿ ನಗು ಇರಲಿಲ್ಲ.

ಹದಿನೈದು ವರ್ಷಕ್ಕೂ ಮೇಲೆ ಅವಳು ಒಬ್ಬ ಹೆಸರಾಂತ ವಕೀಲರ ಕೈಕೆಳಗೆ ದುಡಿದಿದ್ದಳು. ಕೋರ್ಟಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಸಾರ್ ಎನ್ನುತ್ತಿದ್ದರು. ಕೇಸಿನ ಕಾಗದವೆಲ್ಲ ಅವಳೇ ಓದುತ್ತಿದ್ದಳು, ಅವಳೇ ಬರೆಯುತ್ತಿದ್ದಳು. ಎದ್ದು ನಿಂತು ವಾದಿಸುವವರು ಅವರು. ಅದರಲ್ಲಿ ತಪ್ಪೇನೂ ಅವಳಿಗೆ ಕಂಡಿರಲಿಲ್ಲ. ಒಂದು ದಿನ ನ್ಯಾಯಾಧೀಶರು ಏನೋ ಇಕ್ಕಟ್ಟಿನ ಪ್ರಶ್ನೆ ಕೇಳಿದರು. ದೊಡ್ಡ ಸಾರ್ ತಲೆ ಹಿಂದಕ್ಕೆ ವಾಲಿಸಿದರು. ಅವಳು ಅವರ ಕಿವಿಯಲ್ಲಿ ಉತ್ತರ ಉಸಿರಿದಳು. ಅವರು ಅದನ್ನೇ ಅಕ್ಷರ ಬಿಡದೆ ತಮ್ಮ ಗಂಭೀರ ದನಿಯಲ್ಲಿ ಹೇಳಿದರು. ನ್ಯಾಯಾಧೀಶರು ತಲೆದೂಗಿದರು. ಆ ಹೊತ್ತಿಗೆ ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ತನ್ನ ದನಿ ಕೋರ್ಟಿನಲ್ಲಿ ಹೇಗೆ ಕೇಳಿಸುತ್ತದೆ ಎಂಬುದೇ ತನಗೆ ಗೊತ್ತಿಲ್ಲವಲ್ಲ ಎಂದು ಬೆರಗಾಯಿತು. ಆ ಬೆರಗು ವರ್ಷವಿಡೀ ಬಿಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವರ ಎದುರು ನಿಂತು, ಸ್ವಂತ ಆಫೀಸು ತೆರೆಯುತ್ತೇನೆಂದು ಹೇಳಿಯೇ ಬಿಟ್ಟಳು.

ದೊಡ್ಡ ಸಾರ್ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

“ಹೋಗು. ಬೇಡ ಅನ್ನಲ್ಲ. ಆದ್ರೆ ಒಂಟಿಯಾಗಿ ಆಫೀಸು ನಡೆಸೋದು ಅಂದ್ರೆ ಏನು ಗೊತ್ತೇನಮ್ಮ? ತಪ್ಪು ಮಾಡಿದಾಗ ಬೈಯೋಕೆ ಯಾರೂ ಇರಲ್ಲ. ಅದಕ್ಕಿಂತ ಕಷ್ಟ ಇನ್ನೊಂದಿಲ್ಲ.”

ಹೊಸ ಆಫೀಸಿನ ಮೊದಲ ವಾರಗಳಲ್ಲಿ ಬಂದವರು ಬರೀ ದಾರಿ ತಪ್ಪಿದವರು. ಇಬ್ಬರು ಹಲ್ಲುನೋವಿನವರು ಬಂದುಹೋದರು. ಆಮೇಲೆ ಒಂದು ಮಧ್ಯಾಹ್ನ ಹೊರಗೆ ಮಾತು ಕೇಳಿಸಿತು.

“ನಿಮ್ದೇನು ಕೇಸು, ಯಜಮಾನ್ರೇ?” ಎಂದು ಒಬ್ಬ ಹೆಂಗಸು ಕೇಳುತ್ತಿದ್ದಳು.

“ನಂದಾ? ನಂದು ಬಹಳ ಹಳೇ ಕೇಸು,” ಎಂದರು ಅಪ್ಪ. “ಮುಗಿಯೋ ಹಾಗೇ ಕಾಣಲ್ಲ. ನೀವು ಮೊದಲು ಹೋಗಿ. ಮೇಡಂ ಒಳ್ಳೆಯವ್ರು.”

ಆಕೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಹಬೆಯಲ್ಲಿ ದುಡಿದು ದುಡಿದು ಬೆರಳುಗಳ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಸುತ್ತಿ ಬಳಸದೆ ವಿಷಯ ಹೇಳಿದಳು.

“ನಮ್ಮ ಮನೆಯವ್ರು ಸತ್ತಿದಾರೆ ಅಂತ ಕೋರ್ಟಿಂದ ಬರೆಸಿಕೊಡಬೇಕು.”

“ಯಾವಾಗ ತೀರಿಕೊಂಡ್ರು?”

“ತೀರಿಕೊಂಡಿದಾರೋ ಇಲ್ವೋ, ಅದೇ ಗೊತ್ತಿಲ್ಲ.”

ಗಂಡ ಲಿಫ್ಟ್ ಮೆಕ್ಯಾನಿಕ್. ಒಂಬತ್ತು ವರ್ಷದ ಹಿಂದೆ ಬೆಳಿಗ್ಗೆ ಕೆಲಸಕ್ಕೆಂದು ಹೋದವನು ಮನೆಗೆ ಬರಲಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಆಸ್ಪತ್ರೆಗಳ ಶವಾಗಾರಗಳನ್ನು ಸುತ್ತಿದ್ದಾಯಿತು. ಜಗಳ ಇರಲಿಲ್ಲ, ಕುಡಿತ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವನ ತಾಯಿ. ಮನೆ ನಾಲ್ಕನೇ ಮಹಡಿಯಲ್ಲಿದೆ, ಕಟ್ಟಡಕ್ಕೆ ಲಿಫ್ಟಿಲ್ಲ. ಅತ್ತೆಯ ಮಂಡಿ ಸೋತು ಕೆಳಗಿಳಿದೇ ಎರಡು ವರ್ಷವಾಗಿದೆ. ಅದೇ ಕಟ್ಟಡದ ನೆಲಮಹಡಿಯವರು ಮನೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾರೆ. ಆದರೆ ಮನೆ ಗಂಡನ ಹೆಸರಿನಲ್ಲಿದೆ. ಅವನ ಸಹಿ ಇಲ್ಲದೆ ಒಂದು ಇಟ್ಟಿಗೆಯೂ ಅಲ್ಲಾಡುವುದಿಲ್ಲ.

“ಅಷ್ಟೇ ಅಲ್ಲ ಮೇಡಂ,” ಎಂದಳು. “ನಾನು ಏನು ಅಂತ ನನಗೂ ಗೊತ್ತಾಗಬೇಕು. ಗಂಡ ಇರೋಳೋ, ಇಲ್ದೋಳೋ. ಯಾರಾದ್ರೂ ಕೇಳಿದ್ರೆ ಬಾಯಿಗೆ ಬೀಗ ಬೀಳುತ್ತೆ.”

“ನಿಮ್ಮತ್ತೆ ಏನಂತಾರೆ?”

“ಮಗ ಬದುಕಿದಾನೆ ಅಂತಾರೆ. ಈ ವಿಷಯ ಎತ್ತಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದಾರೆ. ನಾನು ಬಡಿಸಿದ್ರೆ ತಿಂತಾರೆ, ಮುಖ ಮಾತ್ರ ಆ ಕಡೆ.”

ಏಳು ವರ್ಷ ಸುಳಿವೇ ಇಲ್ಲದವನನ್ನು ಸತ್ತವನೆಂದು ಸಾರಲು ಕಾನೂನು ಒಪ್ಪುತ್ತದೆ. ವಕೀಲೆ ಅರ್ಜಿ ಬರೆದಳು. ವಕಾಲತ್ತು ಫಾರಮ್ಮಿನ ಮೇಲೆ, ಮೊದಲ ಬಾರಿಗೆ, ತನ್ನ ಒಬ್ಬಳ ಹೆಸರು ಬರೆದು ಸಹಿ ಮಾಡಿದಳು. ಕೋರ್ಟಿನ ಆದೇಶದಂತೆ ಪೇಪರಿನಲ್ಲಿ ಪ್ರಕಟಣೆ ಹೊರಟಿತು. ಇಂಥ ವಯಸ್ಸಿನ, ಇಂಥ ಎತ್ತರದ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲದ ಈ ವ್ಯಕ್ತಿಯ ಬಗ್ಗೆ ಬಲ್ಲವರು, ಅಥವಾ ಆಕ್ಷೇಪಣೆ ಇರುವವರು, ಈ ವಿಳಾಸಕ್ಕೆ ತಿಳಿಸತಕ್ಕದ್ದು. ವಿಳಾಸ ಕನ್ನಡಕದ ಅಂಗಡಿಯ ಮೇಲಿನದು.

ಅಪ್ಪ ಊಟಕ್ಕೆ ಮನೆಗೆ ಹೋಗಿದ್ದ ಹೊತ್ತಿನಲ್ಲಿ ಒಬ್ಬ ಗಂಡಸು ಬಂದ. ಹೆಗಲಲ್ಲಿ ಸಾಮಾನಿನ ಚೀಲ, ಕೈಯಲ್ಲಿ ಮಡಚಿದ ಪೇಪರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

“ಆಕ್ಷೇಪಣೆ ಇರೋರು ಬರಬೇಕು ಅಂತ ಹಾಕಿದೀರಿ,” ಎಂದ.

“ಹೌದು. ನಿಮ್ಮದೇನಾದ್ರೂ ಇದೆಯಾ?”

“ನನ್ನದೇನೂ ಆಕ್ಷೇಪಣೆ ಇಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ.”

ಪೇಪರನ್ನು ಮೇಜಿನ ಮೇಲಿಟ್ಟು ಎಡಗೈಯಿಂದ ಅದರ ಮಡಿಕೆ ಸವರಿದ. ಹೆಬ್ಬೆರಳಿಗೆ ಉಗುರಿರಲಿಲ್ಲ.

ಅಭ್ಯಾಸಬಲದಿಂದ ವಕೀಲೆಯ ಕಣ್ಣು ಪಕ್ಕದ ಗೋಡೆಯ ಕಡೆ ಹೋಯಿತು. ಹಳೆಯ ಆಫೀಸಿನಲ್ಲಿ ಆ ಕಡೆ ದೊಡ್ಡ ಸಾರ್ ಕೋಣೆಯ ಬಾಗಿಲಿತ್ತು; ಏನೇ ಆಗಲಿ, ಅದನ್ನು ತಟ್ಟಿ ‘ಸಾರ್, ಒಂದು ನಿಮಿಷ’ ಎಂದರೆ ಸಾಕಿತ್ತು. ಇಲ್ಲಿ ಆ ಕಡೆ ಇದ್ದದ್ದು ಬೇಸಿನ್ನು.

“ಕೂತ್ಕೊಳ್ಳಿ,” ಎಂದಳು ಎರಡನೇ ಸಲ. ಈ ಸಲ ಅವನು ಕೂತ.

“ಎಲ್ಲಿದ್ರಿ ಇಷ್ಟು ದಿನ?”

“ಇಲ್ಲೇ. ಈ ಊರ ಆಚೆ ಕಡೆ. ಮೊದಲು ಬೇರೆ ಊರಲ್ಲಿದ್ದೆ, ಆಮೇಲೆ ವಾಪಸ್ ಬಂದೆ.”

“ಯಾಕೆ ಹೋದ್ರಿ?”

ಆ ಪ್ರಶ್ನೆಯನ್ನು ಅವನೇ ಎಷ್ಟೋ ಸಲ ಕೇಳಿಕೊಂಡು ಸೋತ ಹಾಗಿತ್ತು.

“ಕೆಲಸ ಮುಗಿಸಿ ಬಸ್ಸಲ್ಲಿ ಬರ್ತಿದ್ದೆ. ನಮ್ಮ ಸ್ಟಾಪ್ ಬಂತು. ಏಳಬೇಕು, ಇಳೀಬೇಕು. ಏಳಲಿಲ್ಲ. ಅಷ್ಟೇ ಮೇಡಂ. ಬಸ್ ಮುಂದೆ ಹೋಯ್ತು. ಇಳಿದು ನಡ್ಕೊಂಡು ಬಂದ್ರಾಯ್ತು ಅಂದ್ಕೊಂಡೆ. ಆ ರಾತ್ರಿ ಹೋಗಲಿಲ್ಲ. ಬೆಳಿಗ್ಗೆ ಹೋದ್ರೆ ಏನಂತ ಹೇಳೋದು ಅಂತ ನಾಚಿಕೆ ಆಯ್ತು. ವಾರ ಕಳೆದ ಮೇಲೆ ನಾಚಿಕೆ ಇನ್ನೂ ದೊಡ್ಡದಾಯ್ತು. ಆಮೇಲೆ ಅದನ್ನ ದಾಟಿ ಹೋಗೋಕೆ ನನ್ನ ಕೈಲಾಗಲಿಲ್ಲ.”

“ಹೆಂಡತಿ ಮೇಲೆ ಏನಾದ್ರೂ ಬೇಜಾರಿತ್ತಾ?”

“ಅವಳ ಮೇಲೆ ಬೇಜಾರು ಮಾಡ್ಕೊಳ್ಳೋಕೆ ಏನಿದೆ?” ಎಂದು ತಲೆಯೆತ್ತಿದ. “ಇದನ್ನ ಮುಂದುವರಿಸಿ ಮೇಡಂ. ಸತ್ತಿದಾನೆ ಅಂತ ಬರೆಸಿಬಿಡಿ. ಅವಳೂ ಬಿಡುಗಡೆ ಆಗ್ತಾಳೆ, ನಾನೂ. ಇಷ್ಟು ವರ್ಷದಲ್ಲಿ ಅವಳಿಗೆ ನನ್ನಿಂದ ಆಗೋ ಒಂದು ಉಪಕಾರ ಇದೇ.”

“ನೀವು ನನ್ನ ಎದುರು ಕೂತು ಮಾತಾಡ್ತಿದೀರಿ. ನಾನು ಹೋಗಿ ನೀವು ಸತ್ತಿದೀರಿ ಅಂತ ಹೇಳಲಾ?”

“ನಾನು ಬಂದಿದ್ದು ಯಾರಿಗೆ ಗೊತ್ತು?”

“ನನಗೆ ಗೊತ್ತು. ನಾನು ನಿಮ್ಮ ಹೆಂಡತಿಯ ವಕೀಲೆ, ನಿಮ್ಮ ವಕೀಲೆ ಅಲ್ಲ. ಇದನ್ನ ಅವರಿಗೆ ಹೇಳಲೇಬೇಕು.”

ಅವನು ಎದ್ದು ಚೀಲ ಹೆಗಲಿಗೇರಿಸಿದ. ಬಾಗಿಲ ಹತ್ತಿರ ನಿಂತು, ತಿರುಗದೆ ಕೇಳಿದ: “ಅಮ್ಮ ಇದಾರಾ?”

“ಇದಾರೆ. ಮಗ ಬದುಕಿದಾನೆ ಅಂತ ಪಟ್ಟು ಹಿಡಿದಿರೋರು ಅವರೊಬ್ಬರೇ.”

ಅವನು ಚೌಕಟ್ಟಿಗೆ ಕೈ ಕೊಟ್ಟ. ಅವಳು ಕೇಳಿದ್ದಕ್ಕೆ ತಾನು ಕೆಲಸ ಮಾಡುವ ಜಾಗ ಹೇಳಿದ. ಆಮೇಲೆ ಮೆಟ್ಟಿಲಿಳಿದು ಹೋದ.

ಅಂದು ಸಂಜೆ ಅವಳ ಕಾಲು ತಾನಾಗಿಯೇ ಹಳೆಯ ಆಫೀಸಿನ ಕಡೆ ತಿರುಗಿತು. ಹೆಸರು ಹೇಳದೆ, ಗುರುತು ಕೊಡದೆ, ಹೀಗೊಂದು ಇಕ್ಕಟ್ಟು ಬಂದಿದೆ ಎಂದು ದೊಡ್ಡ ಸಾರ್ ಮುಂದೆ ಇಟ್ಟಳು. ಅವರು ಗಟ್ಟಿಯಾಗಿ ನಕ್ಕರು.

“ಎಂಥಾ ಮೊದಲ ಬೋಣಿಗೆಯಮ್ಮ ನಿಂದು! ಸತ್ತೋನೇ ಬಂದು ಒಪ್ಪಿಗೆ ಕೊಟ್ಟ ಕೇಸು ನನ್ನ ಜನ್ಮದಲ್ಲಿ ನೋಡಿಲ್ಲ.” ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ಹೇಳಿದರು: “ಅವನು ಬಂದೇ ಇಲ್ಲ ಅಂದ್ಕೋ. ಯಾರಿಗೆ ನಷ್ಟ? ಆ ಹೆಣ್ಮಗಳಿಗೂ ಒಳ್ಳೇದು, ಅವನಿಗೂ ಒಳ್ಳೇದು. ಸಣ್ಣ ಆಫೀಸಲ್ಲಿ ಇಷ್ಟು ದೊಡ್ಡ ಮನಸ್ಸಾಕ್ಷಿ ಇಟ್ಟರೆ ಮೇಜಿಗೆ ಜಾಗ ಸಾಲಲ್ಲ.”

ಅವರು ಕೆಟ್ಟವರಲ್ಲ, ಅವಳ ಕಷ್ಟ ತಪ್ಪಿಸಲೆಂದೇ ಹೇಳಿದ್ದರು. ಆದರೆ ಬೀದಿಗೆ ಬಂದ ಮೇಲೆ ಅವಳಿಗೆ ಸ್ಪಷ್ಟವಾಯಿತು, ಇನ್ನು ಆ ಬಾಗಿಲನ್ನೂ ತಟ್ಟುವ ಹಾಗಿಲ್ಲ. ಅವರ ಮಾತು ಸರಿಯೋ ತಪ್ಪೋ ಎಂದು ತೂಗಿ ನೋಡಬೇಕಾದವಳು ತಾನೇ. ಆಫೀಸು ಶುರು ಮಾಡಿದ್ದು ಬೋರ್ಡು ಹಾಕಿದ ದಿನವಲ್ಲ, ಈ ಸಂಜೆ ಎಂದು ಅನ್ನಿಸಿತು. ಆ ಅನಿಸಿಕೆಯಲ್ಲಿ ಹೆಮ್ಮೆ ಇರಲಿಲ್ಲ.

ಮರುದಿನ ಲಾಂಡ್ರಿಯಾಕೆಯನ್ನು ಕರೆಸಿದಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ನಿಮ್ಮ ಮನೆಯವ್ರು ಬದುಕಿದಾರೆ. ನಿನ್ನೆ ಇಲ್ಲಿಗೆ ಬಂದಿದ್ರು. ನೀವು ಕೂತಿರೋ ಕುರ್ಚಿಯಲ್ಲೇ ಕೂತಿದ್ರು.”

ಆಕೆ ಚಂಗನೆ ಎದ್ದು ನಿಂತಳು, ಕುರ್ಚಿ ಸುಟ್ಟಿತೇನೋ ಎಂಬಂತೆ. ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು:

“ಸಣ್ಣ ಆಗಿದಾರಾ?”

ಇಲ್ಲ, ಹಾಗೇನಿಲ್ಲ ಎಂದಳು ವಕೀಲೆ. ಅವನು ಹೇಳಿದ್ದನ್ನೆಲ್ಲ, ಬಸ್ಸಿನ ವಿಷಯವನ್ನೂ, ಒಂದೂ ಬಿಡದೆ ಹೇಳಿದಳು. ಆಕೆ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದಳು.

“ಏಳಲಿಲ್ಲವಂತಾ?” ಎಂದಳು. “ಅಷ್ಟೇನಾ?”

“ಅಷ್ಟೇ ಹೇಳಿದ್ರು.”

“ನಾನು ಒಂಬತ್ತು ವರ್ಷ ಯೋಚನೆ ಮಾಡಿದೀನಿ ಮೇಡಂ. ಆ ದಿನ ಬೆಳಿಗ್ಗೆ ನಾನು ಏನು ಅಂದೆ, ಏನು ಅನ್ನಲಿಲ್ಲ ಅಂತ. ಶವಾಗಾರದಲ್ಲಿ ಬಟ್ಟೆ ಸರಿಸಿ ಸರಿಸಿ ಮುಖ ನೋಡಿದೀನಿ.” ಕಣ್ಣು ಒಣಗಿಯೇ ಇತ್ತು. “ಅವನು ಹೇಳಿದ್ದು ಸರಿ. ಸತ್ತಿದಾನೆ ಅಂತಲೇ ಬರೆಸಿ.”

“ಅದು ಆಗಲ್ಲ.”

“ಯಾಕಾಗಲ್ಲ? ಅವನಿಗೂ ಅದೇ ಬೇಕು, ನನಗೂ ಅದೇ ಬೇಕು. ಮಧ್ಯೆ ನೀವ್ಯಾರು?”

“ನಿಮ್ಮನ್ನ ಸಾಕ್ಷಿಕಟ್ಟೆಗೆ ಕರೀತಾರೆ. ಗಂಡ ಬದುಕಿರೋ ಸುದ್ದಿ ಏನಾದ್ರೂ ಬಂತಾ ಅಂತ ಕೇಳ್ತಾರೆ. ಇಲ್ಲ ಅಂತ ನಿಮ್ಮ ಬಾಯಲ್ಲಿ ಹೇಳಿಸೋಕೆ ನನ್ನಿಂದ ಆಗಲ್ಲ. ಬೇರೆ ದಾರಿ ಇದೆ. ಬಿಟ್ಟುಹೋದ ಅನ್ನೋ ಕಾರಣಕ್ಕೆ ವಿಚ್ಛೇದನ ಕೇಳಬಹುದು, ಮನೆ ಬರೆದುಕೊಡು ಅಂತ ಕೇಳಬಹುದು.”

“ಆಗ ನಮ್ಮತ್ತೆಗೆ ಗೊತ್ತಾಗುತ್ತೆ. ಮಗ ಇಲ್ಲೇ ಊರಲ್ಲೇ ಇದ್ದ, ಬರಲಿಲ್ಲ ಅಂತ ಗೊತ್ತಾಗುತ್ತೆ. ಅದಕ್ಕಿಂತ ಸತ್ತಿದಾನೆ ಅನ್ನೋದೇ ವಾಸಿ ಅಲ್ವಾ?”

ಆಗಲ್ಲ ಎಂದು ವಕೀಲೆ ಮತ್ತೊಮ್ಮೆ ಹೇಳಿದಳು. ಆಕೆ ಫೈಲು ವಾಪಸು ಕೇಳಿದಳು. ವಕೀಲೆ ವಕಾಲತ್ತಿನಿಂದ ಹಿಂದೆ ಸರಿಯುವ ಕಾಗದಕ್ಕೆ ಸಹಿ ಹಾಕಿ, ಫೈಲನ್ನು ದಾರ ಕಟ್ಟಿ ಕೊಟ್ಟಳು. ಆಕೆ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಬೆಂಚಿನ ಮೇಲಿದ್ದ ಅಪ್ಪನ ಹತ್ತಿರ ಒಂದು ಕ್ಷಣ ನಿಂತಳು.

“ನಿಮ್ಮ ಕೇಸನ್ನೂ ಬೇರೆ ಕಡೆ ತಗೊಂಡು ಹೋಗಿ ಯಜಮಾನ್ರೇ,” ಎಂದು ಹೇಳಿ ಹೊರಟುಹೋದಳು.

ಅಪ್ಪ ಒಳಗೆ ಬಂದು ಮಗಳ ಮುಖ ನೋಡಿದರು. ಕೆಳಗೆ ಹೋಗಿ ಎರಡು ಲೋಟ ಚಹಾ ತಂದು, ಒಂದನ್ನು ಅವಳ ಮುಂದೆ ಇಟ್ಟು, ಇನ್ನೊಂದನ್ನು ಹಿಡಿದು ಎದುರಿಗೆ ಕೂತರು.

ವಿಚಾರಣೆಯ ದಿನ ಅವಳಿಗೆ ಆ ಕೋರ್ಟಿನಲ್ಲಿ ಕೆಲಸ ಇರಲಿಲ್ಲ. ಆದರೂ ಕರಿ ಕೋಟು ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಏಳುವ ಹಾಗಿಲ್ಲ, ಬಾಯಿ ತೆರೆಯುವ ಹಾಗಿಲ್ಲ. ಕಕ್ಷಿದಾರಳು ನಂಬಿ ಆಡಿದ ಮಾತು, ಕಕ್ಷಿದಾರಳಾಗಿ ಉಳಿಯದಿದ್ದರೂ, ವಕೀಲೆಯ ಹೊಟ್ಟೆಯಲ್ಲೇ ಇರಬೇಕು. ಹಾಗಿದ್ದ ಮೇಲೆ ಯಾಕೆ ಬಂದೆ ಎಂದು ತನ್ನನ್ನೇ ಕೇಳಿಕೊಂಡಳು. ಬರದೆ ಇರಲು ಆಗಲಿಲ್ಲ, ಬಂದಳು.

ಬಾಗಿಲ ಬಳಿ ಗಲಾಟೆಯಾಯಿತು. ಇಬ್ಬರು ನೆರೆಯವರು ಒಂದು ಮರದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದರು. ಕುರ್ಚಿಯ ಮೇಲೆ ಒಬ್ಬ ಮುದುಕಿ. ಬಿಳಿ ಕೂದಲನ್ನು ಬಿಗಿದು ಕಟ್ಟಿದ್ದಳು. ಕುರ್ಚಿಯ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಬಗೆ ನೋಡಿದರೆ, ಇವಳೇ ಮೆಕ್ಯಾನಿಕ್ಕನ ತಾಯಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಮೇಲೆ ಕೆಳಗಿಳಿದಿದ್ದಳು, ಸೊಸೆಗೆ ಎದುರಾಗಿ ಸಾಕ್ಷಿ ಹೇಳಲು.

“ಸ್ವಾಮಿ,” ಎಂದಳು ನ್ಯಾಯಾಧೀಶರಿಗೆ, ಯಾರೂ ಕೇಳುವ ಮೊದಲೇ. “ನನ್ನ ಮಗ ಸತ್ತಿಲ್ಲ. ಇವರ ಕಾಗದಕ್ಕೆ ಗೊತ್ತಿಲ್ಲ. ನನಗೆ ಗೊತ್ತು.”

ನ್ಯಾಯಾಧೀಶರು ಸೌಮ್ಯವಾಗಿ, ನಿಮ್ಮ ಮಾತು ಕೇಳ್ತೀವಿ ಅಮ್ಮ, ಸ್ವಲ್ಪ ತಾಳಿ ಎಂದರು. ಲಾಂಡ್ರಿಯಾಕೆಯನ್ನು ಕಟ್ಟೆಗೆ ಕರೆದರು. ಅವಳ ಹೊಸ ವಕೀಲ, ಪಾಪ, ಏನೂ ತಿಳಿಯದವನು, ಒಂದೊಂದೇ ಪ್ರಶ್ನೆ ಓದುತ್ತಾ ಹೋದ. ಕೊನೆಯದನ್ನು ನ್ಯಾಯಾಧೀಶರೇ ಕೇಳಿದರು.

“ನಿಮ್ಮ ಗಂಡ ಬದುಕಿದಾರೆ ಅನ್ನೋ ಸುದ್ದಿ ಇಷ್ಟು ವರ್ಷದಲ್ಲಿ ಯಾವ ರೀತಿಯಲ್ಲಾದ್ರೂ ನಿಮಗೆ ಬಂದಿದೆಯಾ?”

ಆಕೆ ಬಾಯಿ ತೆರೆದಳು. ಮುದುಕಿ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಉತ್ತರ ಕೇಳಬೇಕೆಂಬ ಆಸೆ ಇತ್ತು.

“ಬಂದಿದೆ,” ಎಂದಳು ಆಕೆ.

ಹೊಸ ವಕೀಲನ ಕೈಯಿಂದ ಕಾಗದ ಜಾರಿತು. ಮುದುಕಿ ಕುರ್ಚಿಯಿಂದ ಅರ್ಧ ಎದ್ದಳು.

“ನಾನು ಹೇಳಲಿಲ್ವಾ! ಎಲ್ಲಿದಾನೆ? ಎಲ್ಲಿ ನನ್ನ ಮಗ?”

“ಇದೇ ಊರಲ್ಲಿದಾನೆ ಅತ್ತೆ. ವಕೀಲರ ಆಫೀಸಿಗೆ ಬಂದಿದ್ದ. ಸತ್ತಿದಾನೆ ಅಂತಲೇ ಬರೆಸಿಬಿಡಿ ಅಂತ ಹೇಳಿ ಹೋದ.”

ಮುದುಕಿ ನಿಧಾನಕ್ಕೆ ಕೂತಳು. ನ್ಯಾಯಾಧೀಶರು ಅರ್ಜಿಯನ್ನು ವಜಾ ಮಾಡಿದ್ದು, ಮುಂದಿನ ಕೇಸಿನ ನಂಬರು ಕೂಗಿದ್ದು, ಯಾವುದೂ ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಹೊರಗಿನ ಪಡಸಾಲೆಯಲ್ಲಿ ಕುರ್ಚಿಯನ್ನು ಇಳಿಸಿದ್ದರು. ಲಾಂಡ್ರಿಯಾಕೆ ಅತ್ತೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ನೀರಿನ ಬಾಟಲಿ ಹಿಡಿದಿದ್ದಳು. ವಕೀಲೆ ದೂರದಲ್ಲೇ ನಿಂತಳು. ಆಕೆಯೇ ಕಂಡು ಕೈ ಮಾಡಿ ಕರೆದಳು.

“ಅವನ ವಿಳಾಸ ನಿಮ್ಮ ಹತ್ರ ಇದೆ ಅಲ್ವಾ ಮೇಡಂ? ಕರೆಸಿ. ನೀವು ಹೇಳಿದ ದಾರೀಲೇ ಹೋಗೋಣ. ಅತ್ತೆ, ನೀವೂ ಬರ್ತೀರಲ್ಲ? ಮಗನ್ನ ನೋಡ್ಬೋದು.”

ಮುದುಕಿ ನೀರು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ನಾನು ಬರಲ್ಲ,” ಎಂದಳು. “ಸತ್ತಿದ್ರೆ ಅತ್ತು ಸಮಾಧಾನ ಮಾಡ್ಕೋತಿದ್ದೆ. ಇವನು ಬದುಕಿದಾನೆ. ಬದುಕಿ ಬರಲಿಲ್ಲ.” ಆಮೇಲೆ ತಿಂಗಳುಗಳ ಮೇಲೆ ಮೊದಲ ಬಾರಿಗೆ ಸೊಸೆಯ ಮುಖ ನೋಡಿ ಮಾತಾಡಿದಳು. “ಮನೆಗೆ ಹೋಗೋಣ ನಡಿ. ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

ಗಂಡ ಹೆಂಡತಿ ವಕೀಲೆಯ ಆಫೀಸಿನಲ್ಲಿ ಭೇಟಿಯಾದರು. ಇಬ್ಬರನ್ನೇ ಬಿಟ್ಟು ಹೊರಗೆ ಹೋಗಲೇ ಎಂದು ವಕೀಲೆ ಕೇಳಿದಳು. ಬೇಡ, ಇಲ್ಲೇ ಇರಿ ಎಂದಳು ಆಕೆ. ಮೆಕ್ಯಾನಿಕ್ ಮೇಜಿನ ಮೇಲೆ ಕಣ್ಣು ನೆಟ್ಟು ಕೂತಿದ್ದ.

“ನನ್ನಿಂದ ಏನಾದ್ರೂ ತಪ್ಪಾಗಿತ್ತಾ?” ಎಂದು ಕೇಳಿದಳು.

“ಇಲ್ಲ.”

“ಇನ್ನೊಂದ್ಸಲ ಹೇಳು.”

“ನಿನ್ನಿಂದ ಏನೂ ತಪ್ಪಾಗಿಲ್ಲ. ನನ್ನದೇ ಎಲ್ಲ.”

ಆಕೆ ಕಣ್ಣು ಮುಚ್ಚಿ ಕುಳಿತಳು. ಬೇಡವೆಂದರೂ ನೀರು ಕೆನ್ನೆಗಿಳಿಯಿತು. ಅಷ್ಟು ವರ್ಷ ಶವಾಗಾರಗಳಲ್ಲಿ ಅಳದವಳು ಅಲ್ಲಿ ಸದ್ದಿಲ್ಲದೆ ಅತ್ತಳು. ಅವನು ಕೈ ಚಾಚಲು ಹೋಗಿ ಹಿಂದಕ್ಕೆ ಎಳೆದುಕೊಂಡ. ವಕೀಲೆ ಕಿಟಕಿಯ ಹೊರಗೆ ನೋಡುತ್ತಾ ನಿಂತಳು. ಕಾನೂನಿನ ಯಾವ ಪುಟದಲ್ಲೂ ಈ ಹೊತ್ತಿಗೆ ಮಾಡಬೇಕಾದ ಕೆಲಸ ಬರೆದಿರಲಿಲ್ಲ. ಸುಮ್ಮನಿರುವುದೂ ಒಂದು ಕೆಲಸವೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದು ಸುಲಭವಾಗಿ ಮುಗಿಯಿತು. ಅವನು ಎಲ್ಲದಕ್ಕೂ ಒಪ್ಪಿದ. ಮನೆಯನ್ನು ಅವಳ ಹೆಸರಿಗೆ ಬರೆದುಕೊಟ್ಟ. ವಿಚ್ಛೇದನಕ್ಕೆ ಇಬ್ಬರೂ ಕೂಡಿ ಅರ್ಜಿ ಹಾಕಿದರು. ಕೋರ್ಟಿನಲ್ಲಿ ವಕೀಲೆ ಎದ್ದು ನಿಂತು ಮಾತಾಡಿದಳು. ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು, ಆದರೆ ಕೊನೆಯ ಸಾಲಿನವರೆಗೂ ಕೇಳಿಸಿತು. ನ್ಯಾಯಾಧೀಶರು ಆದೇಶ ಓದಿದರು. ಒಂಬತ್ತು ವರ್ಷದ ಗೊಂದಲಕ್ಕೆ ನಾಲ್ಕು ಸಾಲು ಸಾಕಾಯಿತು.

ಹೊರಗೆ ಬಂದಾಗ ಮೆಕ್ಯಾನಿಕ್ ಕಂಬಕ್ಕೆ ಒರಗಿ ನಿಂತಿದ್ದ.

“ಅಮ್ಮ ಏನಾದ್ರೂ ಹೇಳಿದ್ರಾ ಮೇಡಂ?”

ಇಲ್ಲೂ ಒಂದು ಸುಲಭದ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿದಳು.

“ನಿಮ್ಮನ್ನ ನೋಡೋಕೆ ಬರಲ್ಲ ಅಂದ್ರು.”

ಅವನು ತಲೆಯಾಡಿಸಿದ. ನಿರೀಕ್ಷೆ ಮಾಡಿದ್ದೇ ಸಿಕ್ಕಿತು ಎಂಬ ಹಾಗೆ ಹೊರಟುಹೋದ.

ಲಾಂಡ್ರಿಯಾಕೆ ಆದೇಶದ ಪ್ರತಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಕೇಳಿದಳು: “ಇನ್ನು ನಮ್ಮತ್ತೆ ನನಗೆ ಏನಾಗ್ತಾರೆ?”

“ಕಾನೂನಿನ ಪ್ರಕಾರ ಏನೂ ಆಗಲ್ಲ.”

“ಹೌದಾ?” ಆಕೆ ಸ್ವಲ್ಪ ಯೋಚಿಸಿದಳು. “ಅವರಿಗೆ ಅದನ್ನ ಹೇಳೋದು ಬೇಡ. ನಾಳಿದ್ದು ಸಾಮಾನು ಇಳಿಸಬೇಕು, ಸುಮ್ನೆ ಹಟ ಮಾಡ್ತಾರೆ.”

ಬೇಸಿಗೆ ಮುಗಿಯುವ ಹೊತ್ತಿಗೆ ವಕೀಲೆಗೆ ಕೈತುಂಬ ಅಲ್ಲದಿದ್ದರೂ ಕೈಗೆ ಹತ್ತುವಷ್ಟು ಕೆಲಸವಿತ್ತು. ಒಂದು ದಿನ ಲಾಂಡ್ರಿಯಾಕೆ ತನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಅವಳಿಗೆ ಅಣ್ಣಂದಿರ ಜೊತೆ ಏನೋ ಪಾಲಿನ ತಗಾದೆ. ಅವಳು ಕಾಗದ ತೆಗೆಯುವವರೆಗೆ ಲಾಂಡ್ರಿಯಾಕೆ ಮನೆಯ ಸುದ್ದಿ ಹೇಳಿದಳು. ನೆಲಮಹಡಿಯ ಮನೆಯ ಕಿಟಕಿ ಬೀದಿಗೇ ತೆರೆಯುತ್ತದೆ. ಅತ್ತೆ ಹಗಲೆಲ್ಲ ಅಲ್ಲೇ. ರಜೆಯ ದಿನಗಳಲ್ಲಿ ಅವನು ಎದುರು ಬದಿಯಲ್ಲಿ ಬಂದು ನಿಲ್ಲುತ್ತಾನೆ. ಒಳಗೆ ಬರುವುದಿಲ್ಲ, ಕರೆಯುವುದೂ ಇಲ್ಲ.

“ಅತ್ತೆ ನೋಡಿಯೂ ನೋಡದ ಹಾಗೆ ಇರ್ತಿದ್ರು. ಕಳೆದ ಸಲ ಬಿಸಿಲು ಬಹಳ ಇತ್ತು. ‘ಅಲ್ಲಿ ನಿಂತಿರೋನಿಗೆ ನೆರಳಲ್ಲಿ ನಿಲ್ಲೋಕೆ ಹೇಳು’ ಅಂದ್ರು. ನಾನು ಹೋಗಿ ಹೇಳಿದೆ.”

“ಒಳಗೆ ಕರೆದ್ರಾ?”

“ಇಲ್ಲ ಮೇಡಂ. ಅಷ್ಟು ಬೇಗ ಎಲ್ಲಿ ಆಗುತ್ತೆ?”

ಜೊತೆಗೆ ಬಂದವಳು ಗಂಟಲು ಸರಿಮಾಡಿಕೊಂಡಳು. ವಕೀಲೆ ಅವಳ ಕಡೆ ತಿರುಗಿ, ಮೊದಲಿಂದ ಹೇಳಿ, ಅವಸರವಿಲ್ಲ ಎಂದಳು.